ಎರಡು ದೇಶಗಳ ನ್ಯೂಸ್‌ಪ್ರಿಂಟ್ ಆಮದು ಮೌಲ್ಯದ ಹೋಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಪತ್ರಿಕೆ ಅಚ್ಚು ಹಾಕಿಸುವ ಸಣ್ಣ ಪ್ರಕಾಶಕರು, ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಅರ್ಥಶಾಸ್ತ್ರದಲ್ಲಿ ಪ್ರಬಂಧ ಬರೆಯುವವರು ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆ ಮುದ್ರಿಸುವ ಕಾಗದದ ಆಮದಿನ ಅಂಕಿಗಳನ್ನು ಹುಡುಕಿಕೊಂಡು ಬರುತ್ತಾರೆ. ಎಲ್ಲರಿಗೂ ಬೇಕಾಗಿರುವುದು ಎರಡು ದೇಶಗಳ ಎರಡು ಗೆರೆಗಳಿರುವ ಒಂದು ನಕ್ಷೆ. ಆ ನಕ್ಷೆ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ. ಅದನ್ನು ಸರಿಯಾಗಿ ಓದುವುದಕ್ಕೆ ಮಾತ್ರ ಹೆಚ್ಚು ಹೊತ್ತು ಬೇಕು. ಕೆಳಗಿನ ಉತ್ತರಗಳಲ್ಲಿ ಭಾರತ ಮತ್ತು ಅಮೆರಿಕವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಜೋಡಿಗಳಿಗೂ ಇದೇ ಕ್ರಮ ಹೊಂದುತ್ತದೆ.

ಆಮದು ಮೌಲ್ಯ ಎಂದರೆ ಏನೇನು ಸೇರಿದ ಲೆಕ್ಕ?

ಒಂದು ವರ್ಷದಲ್ಲಿ ಗಡಿ ದಾಟಿ ಬಂದ ಕಾಗದಕ್ಕೆ ಕಸ್ಟಮ್ಸ್ ಇಲಾಖೆ ಒಪ್ಪಿಕೊಂಡ ಬೆಲೆಯ ಮೊತ್ತ ಅದು. ಅದರೊಳಗೆ ಎಷ್ಟು ಟನ್ ಬಂತು ಎಂಬುದೂ, ಟನ್ನಿಗೆ ಎಷ್ಟು ಕೊಟ್ಟರು ಎಂಬುದೂ ಬೆರೆತಿರುತ್ತವೆ. ಭಾರತದ ವಿಷಯದಲ್ಲಿ ಹಡಗಿನ ಬಾಡಿಗೆ ಮತ್ತು ವಿಮೆಯೂ ಸೇರಿರುತ್ತವೆ. ಆಮದು ಸುಂಕ ಸೇರುವುದಿಲ್ಲ, ಜಿಎಸ್‌ಟಿಯೂ ಸೇರುವುದಿಲ್ಲ. ಬಂದರಿನಿಂದ ಬೆಂಗಳೂರಿನ ಮುದ್ರಣಾಲಯದವರೆಗಿನ ಲಾರಿ ಬಾಡಿಗೆಯಂತೂ ಈ ಲೆಕ್ಕದ ಹೊರಗೇ ಉಳಿಯುತ್ತದೆ. ಆದ್ದರಿಂದ ಪ್ರಕಾಶಕರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವ ‘ಲ್ಯಾಂಡೆಡ್ ಕಾಸ್ಟ್’ಗೂ (ಕಾಗದ ಕೈಗೆ ತಲುಪುವವರೆಗಿನ ಒಟ್ಟು ಖರ್ಚು) ಸರ್ಕಾರದ ಆಮದು ಮೌಲ್ಯಕ್ಕೂ ತಾಳೆಯಾಗುವುದಿಲ್ಲ. ತಾಳೆಯಾಗಬೇಕೆಂದು ನಿರೀಕ್ಷಿಸಲೂಬಾರದು.

ಯಾವ ಕಾಗದ ನ್ಯೂಸ್‌ಪ್ರಿಂಟ್, ಯಾವುದು ಅಲ್ಲ?

ಸರಕುಗಳಿಗೆ ಸಂಖ್ಯೆ ಕೊಡಲು ಜಗತ್ತಿನ ಹೆಚ್ಚಿನ ದೇಶಗಳು ಬಳಸುವ ಎಚ್‌ಎಸ್ (ಹಾರ್ಮೊನೈಸ್ಡ್ ಸಿಸ್ಟಮ್) ವರ್ಗೀಕರಣದಲ್ಲಿ ಇದರ ಸಂಖ್ಯೆ 4801. ಈಗಿನ ವ್ಯಾಖ್ಯೆಯಂತೆ ಇದು ಮೇಲ್ಲೇಪವಿಲ್ಲದ ಕಾಗದ. ನಾರಿನ ತೂಕದಲ್ಲಿ ಕನಿಷ್ಠ ಅರ್ಧದಷ್ಟು, ಮರವನ್ನು ಯಂತ್ರದಿಂದ ಅರೆದು ಅಥವಾ ಯಂತ್ರ ಮತ್ತು ರಾಸಾಯನಿಕ ಎರಡನ್ನೂ ಬಳಸಿ ತೆಗೆದದ್ದಾಗಿರಬೇಕು. ತೂಕ ಚದರ ಮೀಟರಿಗೆ 40ರಿಂದ 65 ಗ್ರಾಂ ಒಳಗಿರಬೇಕು. ಭಾರತದ ಎಂಟು ಅಂಕಿಯ ಪಟ್ಟಿಯಲ್ಲಿ 48010010 ಎಂದರೆ ಹೊಳಪು ಕೊಟ್ಟ ನ್ಯೂಸ್‌ಪ್ರಿಂಟ್, 48010090 ಎಂದರೆ ಉಳಿದದ್ದು.

ವಾರಪತ್ರಿಕೆಗಳ ಹೊಳೆಯುವ ಪುಟಗಳಿಗೆ ಬಳಸುವ ಹಗುರ ಲೇಪಿತ ಕಾಗದ 4810ರಲ್ಲಿ ಬರುತ್ತದೆ. ಪತ್ರಿಕೆ ಮುದ್ರಿಸಲು ಬಳಸಿದರೂ ವ್ಯಾಖ್ಯೆಗೆ ಹೊಂದದ ಲೇಪರಹಿತ ಕಾಗದ 4802ಕ್ಕೆ ಹೋಗುತ್ತದೆ. ಹೀಗಾಗಿ 4801 ಇಳಿದಿದೆ ಎಂದು ಕಂಡಾಗ ಕಾಗದವೇ ಕಡಿಮೆಯಾಯಿತೋ, ಪಕ್ಕದ ಮನೆಗೆ ಸರಿಯಿತೋ ನೋಡಿ. ಈ ವರ್ಗೀಕರಣ 1988ರಲ್ಲಿ ಜಾರಿಗೆ ಬಂದು 1996, 2002, 2007, 2012, 2017 ಮತ್ತು 2022ರಲ್ಲಿ ಪರಿಷ್ಕರಣೆ ಕಂಡಿದೆ. ಎರಡು ದೇಶಗಳು ಹೊಸ ಆವೃತ್ತಿಯನ್ನು ಒಂದೇ ವರ್ಷ ಅಳವಡಿಸಿಕೊಂಡಿರಬೇಕೆಂದಿಲ್ಲ.

ಅಂಕಿಗಳು ಎಲ್ಲಿ ಸಿಗುತ್ತವೆ?

ದೀರ್ಘ ಅವಧಿ ಬೇಕಾದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಫಾವೋಸ್ಟಾಟ್‌ನಲ್ಲಿ ಅರಣ್ಯೋತ್ಪನ್ನಗಳ ವಿಭಾಗ ನೋಡಿ. ಕಾಗದದ ಲೆಕ್ಕವನ್ನು ಕೃಷಿ ಸಂಸ್ಥೆ ಯಾಕೆ ಇಡುತ್ತದೆ ಎಂದು ಕೆಲವರಿಗೆ ಅಚ್ಚರಿಯಾಗುತ್ತದೆ. ಕಾಗದ ಕಾಡಿನ ಉತ್ಪನ್ನವಾದ್ದರಿಂದ ಅದು ಅಲ್ಲಿದೆ. 1961ರಿಂದ ಈಚೆಗಿನ ಆಮದು, ರಫ್ತು, ಉತ್ಪಾದನೆ ಮೂರೂ ಅಲ್ಲಿ ದೊರೆಯುತ್ತವೆ. ಮೌಲ್ಯ ಸಾವಿರ ಡಾಲರ್‌ಗಳಲ್ಲಿ, ಪ್ರಮಾಣ ಟನ್‌ಗಳಲ್ಲಿ ಇರುತ್ತದೆ.

ಯಾವ ದೇಶದಿಂದ ಯಾವ ದೇಶಕ್ಕೆ ಎಂಬ ವಿವರ ಬೇಕಾದರೆ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಇದೆ. ಅಲ್ಲಿ ಮೌಲ್ಯ ಡಾಲರ್‌ಗಳಲ್ಲಿ, ತೂಕ ಕಿಲೋಗಳಲ್ಲಿ. ಭಾರತದ ಅಧಿಕೃತ ಲೆಕ್ಕ ಕೋಲ್ಕತ್ತದ ವಾಣಿಜ್ಯ ಗುಪ್ತಚರ ಮತ್ತು ಅಂಕಿಅಂಶ ಮಹಾನಿರ್ದೇಶನಾಲಯದ್ದು. ವಾಣಿಜ್ಯ ಸಚಿವಾಲಯದ ಆಮದು-ರಫ್ತು ದತ್ತಾಂಶ ಕೋಶದಲ್ಲಿ 1996–97ರಿಂದ ಈಚೆಗಿನ ವರ್ಷಗಳನ್ನು ತೆರೆದು ನೋಡಬಹುದು. ಅಮೆರಿಕದ ಅಂಕಿಗಳು ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗದ ಡೇಟಾವೆಬ್‌ನಲ್ಲಿವೆ.

ಎರಡು ದೇಶಗಳಿಗೂ ಒಂದೇ ಮೂಲದಿಂದ ಅಂಕಿ ತೆಗೆದುಕೊಳ್ಳಿ. ಒಂದು ದೇಶಕ್ಕೆ ಫಾವೋಸ್ಟಾಟ್, ಇನ್ನೊಂದಕ್ಕೆ ಸಚಿವಾಲಯದ ಪಟ್ಟಿ ಎಂದು ಬೆರೆಸಿದರೆ, ನಕ್ಷೆಯಲ್ಲಿ ಕಾಣುವ ವ್ಯತ್ಯಾಸ ದೇಶಗಳದ್ದೋ ಮೂಲಗಳದ್ದೋ ಎಂದು ಬಿಡಿಸಿ ಹೇಳಲು ಯಾರಿಗೂ ಆಗುವುದಿಲ್ಲ.

ಭಾರತ ಮತ್ತು ಅಮೆರಿಕವನ್ನೇ ಯಾಕೆ ಆರಿಸಿಕೊಳ್ಳಬೇಕು?

ಆರಿಸಿಕೊಳ್ಳಲೇಬೇಕೆಂದಿಲ್ಲ. ಆದರೆ ಈ ಜೋಡಿಯಿಂದ ಕಲಿಯುವುದು ಬಹಳಷ್ಟಿದೆ. ಅಮೆರಿಕ ಒಂದು ಶತಮಾನದಿಂದ ಕೆನಡಾದ ಕಾಗದವನ್ನು ನೆಚ್ಚಿಕೊಂಡಿದೆ. 1913ರ ಸುಂಕ ಕಾಯ್ದೆ ನ್ಯೂಸ್‌ಪ್ರಿಂಟನ್ನು ಸುಂಕಮುಕ್ತಗೊಳಿಸಿದ ಮೇಲೆ ಕೆನಡಾದ ಗಿರಣಿಗಳು ಅಮೆರಿಕದ ಪತ್ರಿಕೆಗಳಿಗಾಗಿಯೇ ಬೆಳೆದವು. 2000ದ ಆಚೀಚೆ ಅಮೆರಿಕದ ವಾರ್ಷಿಕ ಬಳಕೆ ಒಂದು ಕೋಟಿ ಟನ್ ಮೀರಿತ್ತು. ಎರಡು ದಶಕಗಳಲ್ಲಿ ಅದು ಸುಮಾರು ಐದನೇ ಒಂದು ಪಾಲಿನ ಮಟ್ಟಕ್ಕೆ ಕುಸಿಯಿತು.

ಅದೇ ಅವಧಿಯ ಹೆಚ್ಚಿನ ಭಾಗದಲ್ಲಿ ಭಾರತದ ಪತ್ರಿಕೆಗಳು ಬೆಳೆದವು. ಸಾಕ್ಷರತೆ ಏರಿತು, ಜಿಲ್ಲಾ ಆವೃತ್ತಿಗಳು ಹುಟ್ಟಿದವು, ಪುರವಣಿಗಳು ದಪ್ಪವಾದವು. ಕೋವಿಡ್‌ಗೆ ಮುಂಚೆ ಭಾರತದ ವಾರ್ಷಿಕ ಬೇಡಿಕೆ 20 ಲಕ್ಷ ಟನ್‌ಗೂ ಹೆಚ್ಚಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತಿತ್ತು, ಮುಖ್ಯವಾಗಿ ಕೆನಡಾ ಮತ್ತು ರಷ್ಯಾದಿಂದ. ಒಂದು ದೇಶ ಇಳಿಯುತ್ತಿರುವಾಗ ಇನ್ನೊಂದು ಏರಿದ್ದರಿಂದ, ಮಾರುಕಟ್ಟೆಯ ಬೆಲೆ ಮತ್ತು ಓದುಗರ ಬೇಡಿಕೆಯನ್ನು ಬೇರೆ ಬೇರೆಯಾಗಿ ನೋಡಲು ಈ ಜೋಡಿ ಒಳ್ಳೆಯ ಅವಕಾಶ ಕೊಡುತ್ತದೆ.

ಆಮದು ಮೌಲ್ಯ ಏರಿದರೆ ಹೆಚ್ಚು ಜನ ಪತ್ರಿಕೆ ಓದುತ್ತಿದ್ದಾರೆ ಎಂದರ್ಥವೆ?

ಇಲ್ಲ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವವರಿದ್ದರೆ ಇದನ್ನು ಓದಬೇಕು. ತಿಂಗಳ ಖರ್ಚಿನಲ್ಲಿ ಅಕ್ಕಿಗೆ ಹೆಚ್ಚು ದುಡ್ಡು ಹೋಯಿತೆಂದರೆ ಮನೆಯವರು ಹೆಚ್ಚು ಅನ್ನ ಉಂಡರು ಎಂದು ಹೇಳಲಾಗದು. ಬೆಲೆ ಏರಿದ್ದರೂ ಖರ್ಚು ಏರುತ್ತದೆ.

2019ರಿಂದ 2022ರವರೆಗಿನ ಭಾರತವನ್ನು ನೋಡಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಪತ್ರಿಕೆಗಳ ಪುಟಗಳು ಇಳಿದವು, ಪುರವಣಿಗಳು ನಿಂತವು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಪತ್ರಿಕೆ ಹಾಕುವ ಹುಡುಗರನ್ನು ಗೇಟಿನಲ್ಲೇ ತಡೆದರು. ಜಾಹೀರಾತು ಬತ್ತಿತು. ಕಾಗದದ ಬೇಡಿಕೆ ಕುಸಿಯಿತು. ಬೇಡಿಕೆ ಕುಸಿದಾಗ ಹೊರದೇಶಗಳ ಅನೇಕ ಗಿರಣಿಗಳು ಮುಚ್ಚಿದವು. ಇನ್ನು ಕೆಲವು ಯಂತ್ರಗಳನ್ನು ಬದಲಿಸಿಕೊಂಡು ಆನ್‌ಲೈನ್ ಅಂಗಡಿಗಳಿಗೆ ಬೇಕಾದ ರಟ್ಟಿನ ಪೆಟ್ಟಿಗೆಯ ಕಾಗದ ತಯಾರಿಸತೊಡಗಿದವು. 2021ರಲ್ಲಿ ಕಂಟೇನರ್ ಬಾಡಿಗೆ ಜಗತ್ತಿನಾದ್ಯಂತ ಗಗನಕ್ಕೇರಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಭಾರತದ ದೊಡ್ಡ ಪೂರೈಕೆದಾರ ದೇಶವೇ ನಿರ್ಬಂಧಗಳ ಸುಳಿಗೆ ಸಿಕ್ಕಿತು. 2019ರಲ್ಲಿ ಟನ್ನಿಗೆ 450 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 2022ರ ನಡುವಿಗೆ ಸಾವಿರ ಡಾಲರ್ ಸಮೀಪಿಸಿತು.

ಈಗ ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಬ್ಬ ಆಮದುದಾರ 2019ರಲ್ಲಿ 100 ಟನ್ ತರಿಸಿದ್ದರೆ 45,000 ಡಾಲರ್. 2022ರಲ್ಲಿ 60 ಟನ್ ಮಾತ್ರ ತರಿಸಿದ್ದರೂ 60,000 ಡಾಲರ್. ಕಾಗದ ಶೇ 40ರಷ್ಟು ಕಡಿಮೆಯಾಗಿದೆ, ಮೌಲ್ಯದ ಗೆರೆ ಮಾತ್ರ ಮೂರನೇ ಒಂದು ಭಾಗದಷ್ಟು ಮೇಲೆ ಹೋಗಿದೆ. ಈ ಗೆರೆಯನ್ನು ನೋಡಿ ‘ಪತ್ರಿಕೋದ್ಯಮ ಚೇತರಿಸಿಕೊಂಡಿದೆ’ ಎಂದು ಬರೆದರೆ, ಕೆಲಸ ಕಳೆದುಕೊಂಡ ವರದಿಗಾರರಿಗೂ ಮುದ್ರಣಾಲಯದ ಕಾರ್ಮಿಕರಿಗೂ ಅನ್ಯಾಯ ಮಾಡಿದಂತೆ. ಆದ್ದರಿಂದ ಮೊದಲು ಟನ್‌ಗಳ ಗೆರೆ ಎಳೆಯಿರಿ, ಆಮೇಲೆ ಮೌಲ್ಯದ ಗೆರೆ.

ಇದೆಲ್ಲ ನಮ್ಮ ಬೆಳಗಿನ ಪತ್ರಿಕೆಗೆ ಹೇಗೆ ತಟ್ಟುತ್ತದೆ?

ಕೈಯಾರೆ ಲೆಕ್ಕ ಹಾಕಬಹುದು. ದೊಡ್ಡ ಗಾತ್ರದ ಪತ್ರಿಕೆಯ ಒಂದು ಹಾಳೆಯಲ್ಲಿ ನಾಲ್ಕು ಪುಟ. ಬಿಡಿಸಿದಾಗ ಹಾಳೆ 68 ಸೆಂಟಿಮೀಟರ್ ಅಗಲ, 54.6 ಸೆಂಟಿಮೀಟರ್ ಉದ್ದ ಇದೆ ಎಂದುಕೊಳ್ಳಿ. ಹದಿನಾರು ಪುಟಗಳ ಸಂಚಿಕೆಗೆ ನಾಲ್ಕು ಹಾಳೆ, ಅಂದರೆ ಸುಮಾರು ಒಂದೂವರೆ ಚದರ ಮೀಟರ್ ಕಾಗದ. 45 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 45 ಗ್ರಾಂ ತೂಗುವ ಕಾಗದವಾದರೆ ಒಂದು ಪ್ರತಿ ಸುಮಾರು 67 ಗ್ರಾಂ ತೂಗುತ್ತದೆ. ಅಚ್ಚಿನ ವೇಳೆ ಹಾಳಾಗುವುದನ್ನು ಬಿಟ್ಟರೆ ಒಂದು ಟನ್ನಿನಲ್ಲಿ ಹತ್ತಿರ ಹತ್ತಿರ 15,000 ಪ್ರತಿಗಳು.

ಟನ್ನಿಗೆ 450 ಡಾಲರ್, ಡಾಲರಿಗೆ 70 ರೂಪಾಯಿ ಇದ್ದಾಗ ಟನ್ನಿನ ಬೆಲೆ 31,500 ರೂಪಾಯಿ, ಒಂದು ಪ್ರತಿಯ ಕಾಗದಕ್ಕೆ 2 ರೂಪಾಯಿ 10 ಪೈಸೆ. ಟನ್ನಿಗೆ 1,000 ಡಾಲರ್, ಡಾಲರಿಗೆ 78 ರೂಪಾಯಿ ಆದಾಗ ಟನ್ನು 78,000 ರೂಪಾಯಿ, ಪ್ರತಿಯ ಕಾಗದಕ್ಕೆ 5 ರೂಪಾಯಿ 20 ಪೈಸೆ. ಸುಂಕ, ಶಾಯಿ, ಮುದ್ರಣ, ವ್ಯಾನಿನ ಬಾಡಿಗೆ, ಏಜೆಂಟರ ಕಮಿಷನ್, ಸಂಪಾದಕೀಯ ವಿಭಾಗದ ಸಂಬಳ ಯಾವುದೂ ಇದರಲ್ಲಿ ಸೇರಿಲ್ಲ. ದೊಡ್ಡ ಪತ್ರಿಕೆಗಳು ಜಾಹೀರಾತಿನಿಂದ ಇದನ್ನು ತಡೆದುಕೊಳ್ಳಬಹುದು. ನಾಲ್ಕು ಪುಟ, ಎಂಟು ಪುಟ ಅಚ್ಚು ಹಾಕಿಸುವ ಜಿಲ್ಲಾ ಪತ್ರಿಕೆಗೆ ಇದು ಉಳಿವು ಅಳಿವಿನ ಪ್ರಶ್ನೆ. ಈ ವಿಷಯವನ್ನು ಅಂಕಿಅಂಶದ ಕುತೂಹಲ ಎಂದು ನಾನು ಯಾವತ್ತೂ ನೋಡಿಲ್ಲ. ಕನ್ನಡದಲ್ಲಿ ಸುದ್ದಿ ಊರೂರಿಗೆ ತಲುಪುವುದಕ್ಕೂ ಕೆನಡಾದ ಗಿರಣಿಯ ಬೆಲೆಪಟ್ಟಿಗೂ ನೇರ ಸಂಬಂಧವಿದೆ.

ಟನ್ ಲೆಕ್ಕವನ್ನಾದರೂ ಪೂರ್ತಿ ನಂಬಬಹುದೆ?

ಬಹುಮಟ್ಟಿಗೆ ನಂಬಬಹುದು, ಒಂದು ಎಚ್ಚರಿಕೆಯೊಂದಿಗೆ. ಕಾಗದ ವರ್ಷದಿಂದ ವರ್ಷಕ್ಕೆ ತೆಳ್ಳಗಾಗಿದೆ. 45 ಜಿಎಸ್‌ಎಂ ಬದಲು 42 ಜಿಎಸ್‌ಎಂ ರೀಲ್ ಬಳಸಿದರೆ ಅದೇ ಒಂದು ಟನ್ನಿನಿಂದ ಶೇ 7ರಷ್ಟು ಹೆಚ್ಚು ಹಾಳೆ ಸಿಗುತ್ತದೆ. ಪತ್ರಿಕೆಯ ಅಗಲವನ್ನೂ ಕೆಲವರು ಕಡಿಮೆ ಮಾಡಿಕೊಂಡಿದ್ದಾರೆ. ಟನ್ ಇಳಿದದ್ದರಲ್ಲಿ ಒಂದು ಪಾಲು ಇಂಥ ಮಿತವ್ಯಯದ್ದು ಎಂಬುದನ್ನು ಮರೆಯಬಾರದು. ಅಮೆರಿಕದ ಹಳೆಯ ವರದಿಗಳಲ್ಲಿ ಟನ್ ಎಂದರೆ 907 ಕಿಲೋ ತೂಗುವ ಅಲ್ಲಿನ ಚಿಕ್ಕ ಟನ್ ಆಗಿರಬಹುದು, ಅದನ್ನೂ ಗಮನಿಸಿ.

ಸಿಐಎಫ್, ಎಫ್‌ಒಬಿ ಎಂಬ ಗೊಂದಲ ನಮಗೆ ಬೇಕೆ?

ಬೇಕು, ಅದರಲ್ಲೂ ಈ ಜೋಡಿಗೆ. ಭಾರತ ಆಮದನ್ನು ಸಿಐಎಫ್ ಆಧಾರದಲ್ಲಿ, ಅಂದರೆ ಸರಕು, ವಿಮೆ, ಸಾಗಣೆ ಮೂರನ್ನೂ ಸೇರಿಸಿ ಬರೆದುಕೊಳ್ಳುತ್ತದೆ. ಅಮೆರಿಕ ಸಾಮಾನ್ಯವಾಗಿ ಪ್ರಕಟಿಸುವ ‘ಕಸ್ಟಮ್ಸ್ ಮೌಲ್ಯ’ದಲ್ಲಿ ಅಂತಾರಾಷ್ಟ್ರೀಯ ಸಾಗಣೆ ಮತ್ತು ವಿಮೆ ಸೇರುವುದಿಲ್ಲ. ಸಿಐಎಫ್ ಮೌಲ್ಯವನ್ನು ಅದು ಬೇರೆಯಾಗಿ ಕೊಡುತ್ತದೆ. ಕೆನಡಾ, ಆಸ್ಟ್ರೇಲಿಯಾ ಕೂಡ ಆಮದನ್ನು ಎಫ್‌ಒಬಿಯಲ್ಲೇ, ಅಂದರೆ ಈ ಸಾಗಣೆ ಮತ್ತು ವಿಮೆ ಸೇರಿಸದೆಯೇ ಹೇಳುತ್ತವೆ.

ವ್ಯತ್ಯಾಸ ಎಲ್ಲ ವರ್ಷವೂ ಒಂದೇ ಇದ್ದರೆ ಸಹಿಸಿಕೊಳ್ಳಬಹುದಿತ್ತು. ಕೆನಡಾದ ಕಾಗದ ಅಮೆರಿಕಕ್ಕೆ ರೈಲಿನಲ್ಲಿ, ಟ್ರಕ್ಕಿನಲ್ಲಿ ಹೋಗುತ್ತದೆ. ಭಾರತಕ್ಕೆ ಅದೇ ಕಾಗದ ಸಾಗರಗಳನ್ನು ದಾಟಿ ಬರಬೇಕು. 2021ರಲ್ಲಿ ಹಡಗಿನ ಬಾಡಿಗೆ ಏರಿದಾಗ ಆ ಏರಿಕೆಯೆಲ್ಲ ಭಾರತದ ಆಮದು ಮೌಲ್ಯದೊಳಗೆ ಸೇರಿಕೊಂಡಿತು, ಅಮೆರಿಕದ ಕಸ್ಟಮ್ಸ್ ಮೌಲ್ಯದೊಳಗೆ ಸೇರಲಿಲ್ಲ. ಅಮೆರಿಕಕ್ಕೂ ಸಿಐಎಫ್ ಅಂಕಿಯನ್ನೇ ಆರಿಸಿಕೊಂಡರೆ ಹೋಲಿಕೆ ನ್ಯಾಯವಾಗಿರುತ್ತದೆ.

ಭಾರತದ ವರ್ಷ ಏಪ್ರಿಲ್‌ನಿಂದ ಶುರು, ಅಮೆರಿಕದ್ದು ಜನವರಿಯಿಂದ. ಏನು ಮಾಡುವುದು?

ತಿಂಗಳವಾರು ಅಂಕಿ ತೆಗೆದು ಜನವರಿ–ಡಿಸೆಂಬರ್ ಲೆಕ್ಕಕ್ಕೆ ಕೂಡಿಸಿಕೊಳ್ಳಿ. ಅದು ಆಗದಿದ್ದರೆ 2019–20 ಎಂಬುದನ್ನು 2019ರ ಜೊತೆ ಇಟ್ಟಿದ್ದೇನೆ ಎಂದು ಸ್ಪಷ್ಟವಾಗಿ ಬರೆಯಿರಿ. ಬೆಲೆ ವೇಗವಾಗಿ ಬದಲಾದ 2021–22ರಂಥ ವರ್ಷಗಳಲ್ಲಿ ಈ ಮೂರು ತಿಂಗಳ ಸರಿತ ದೊಡ್ಡ ವ್ಯತ್ಯಾಸವನ್ನೇ ಮಾಡುತ್ತದೆ.

ಹೋಲಿಕೆ ರೂಪಾಯಿಯಲ್ಲೋ ಡಾಲರಿನಲ್ಲೋ?

ಎರಡು ದೇಶಗಳ ನಡುವೆ ಹೋಲಿಸುವಾಗ ಡಾಲರ್. ಭಾರತದ ಪ್ರಕಾಶಕರ ಕಷ್ಟ ವಿವರಿಸುವಾಗ ರೂಪಾಯಿ. 2011ರಲ್ಲಿ ಡಾಲರಿಗೆ ಸರಾಸರಿ 47 ರೂಪಾಯಿಯ ಆಸುಪಾಸಿತ್ತು, 2019ರಲ್ಲಿ ಸುಮಾರು 70. ಡಾಲರಿನಲ್ಲಿ ಒಂದಿಷ್ಟೂ ಬದಲಾಗದ ಆಮದು, ರೂಪಾಯಿಯಲ್ಲಿ ಒಂದೂವರೆ ಪಟ್ಟು ಆದಂತೆ ಕಾಣುತ್ತದೆ. ಹಳೆಯ ಕಾಲಕ್ಕೆ ಹೋದರೆ ಎರಡು ದಿನಾಂಕ ನೆನಪಿರಲಿ: 1966ರ ಜೂನ್ 6ರಂದು ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿತು, 1991ರ ಜುಲೈ ಮೊದಲ ವಾರದಲ್ಲಿ ಎರಡು ಹಂತಗಳಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಈ ಎರಡು ವರ್ಷಗಳಲ್ಲಿ ಗೆರೆ ಜಿಗಿದರೆ ಕಾರಣವನ್ನು ಪತ್ರಿಕೆಗಳಲ್ಲಿ ಹುಡುಕುವ ಮೊದಲು ವಿನಿಮಯ ದರದಲ್ಲಿ ಹುಡುಕಿ.

ಹಣದುಬ್ಬರವನ್ನು ಕಳೆಯಲೇಬೇಕೆ?

ಹತ್ತು ವರ್ಷಕ್ಕಿಂತ ಉದ್ದದ ಅವಧಿಯಾದರೆ ಕಳೆಯಬೇಕು. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ 2000ದಲ್ಲಿ 172.2, 2022ರಲ್ಲಿ 292.7. ಅಂದರೆ 2000ದ ಒಂದು ಡಾಲರ್ 2022ರ 1.70 ಡಾಲರಿಗೆ ಸಮ. 2000ದಲ್ಲಿ ಟನ್ನಿಗೆ 600 ಡಾಲರ್ ಕೊಟ್ಟವರು 2022ರ ಲೆಕ್ಕದಲ್ಲಿ 1,020 ಡಾಲರ್ ಕೊಟ್ಟಂತೆ. ಎರಡೂ ದೇಶಗಳ ಡಾಲರ್ ಮೌಲ್ಯವನ್ನು ಇದೇ ಒಂದು ಸೂಚ್ಯಂಕದಿಂದ ಸರಿಪಡಿಸಿದರೆ ಸಾಕು. ಒಂದಕ್ಕೆ ಭಾರತದ ಸೂಚ್ಯಂಕ, ಇನ್ನೊಂದಕ್ಕೆ ಅಮೆರಿಕದ್ದು ಹಾಕಿದರೆ ವಿನಿಮಯ ದರದ ಏರಿಳಿತ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ.

1961ರಿಂದಲೇ ಅಂಕಿ ಇದೆಯಲ್ಲ. ಅಲ್ಲಿಂದಲೇ ಹೋಲಿಸಬಹುದಲ್ಲವೆ?

ಗೆರೆ ಎಳೆಯುವುದೇನೋ ಎಳೆಯಬಹುದು. ಆದರೆ 1990ರ ದಶಕದ ನಡುಭಾಗಕ್ಕಿಂತ ಹಿಂದಿನ ಭಾರತದ ಅಂಕಿ ಅಳೆಯುವುದೇ ಬೇರೆಯದನ್ನು. ಆಗ ನ್ಯೂಸ್‌ಪ್ರಿಂಟ್ ನಿಯಂತ್ರಣದಲ್ಲಿತ್ತು. 1962ರ ನಿಯಂತ್ರಣ ಆದೇಶ, ಪತ್ರಿಕೆಗೊಂದು ಕೋಟಾ, ಸರ್ಕಾರಿ ವ್ಯಾಪಾರ ನಿಗಮದ ಮೂಲಕ ಆಮದು: ಇವೆಲ್ಲ ಸೇರಿ ದೇಶಕ್ಕೆ ಎಷ್ಟು ಕಾಗದ ಬರಬೇಕೆಂಬುದನ್ನು ವಿದೇಶಿ ವಿನಿಮಯದ ಕೊರತೆ ತೀರ್ಮಾನಿಸುತ್ತಿತ್ತು. ಓದುಗನ ಆಸೆಗೆ ಅಲ್ಲಿ ಜಾಗ ಕಡಿಮೆ. 1972–73ರ ನೀತಿ ಪತ್ರಿಕೆಗಳಿಗೆ ಹತ್ತು ಪುಟಗಳ ಮಿತಿಯನ್ನೂ ಹೇರಿತ್ತು. ‘ಟೈಮ್ಸ್ ಆಫ್ ಇಂಡಿಯಾ’ದ ಪ್ರಕಾಶಕರಾದ ಬೆನೆಟ್ ಕೋಲ್ಮನ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲಿ ಅದನ್ನು ಅಸಿಂಧುಗೊಳಿಸಿತು. ಕಾಗದದ ಮೇಲಿನ ಕಡಿವಾಣ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ಕಡಿವಾಣವೂ ಆಗುತ್ತದೆ ಎಂಬ ಆ ತೀರ್ಪಿನ ತಿರುಳನ್ನು ಪತ್ರಿಕೋದ್ಯಮದ ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು. ನ್ಯೂಸ್‌ಪ್ರಿಂಟ್ ಮೇಲಿನ ಆಮದು ಸುಂಕದ ಪ್ರಶ್ನೆ ಇಂಡಿಯನ್ ಎಕ್ಸ್‌ಪ್ರೆಸ್ ಪ್ರಕರಣವಾಗಿ ಮತ್ತೆ ಅದೇ ನ್ಯಾಯಾಲಯಕ್ಕೆ ಹೋಯಿತು, ತೀರ್ಪು ಬಂದದ್ದು 1984ರ ಡಿಸೆಂಬರ್‌ನಲ್ಲಿ.

ಅದೇ 1970ರ ದಶಕದಲ್ಲಿ ಅಮೆರಿಕದ ಪ್ರಕಾಶಕ ಕೆನಡಾದ ಗಿರಣಿಗೆ ನೇರವಾಗಿ ಬರೆದು ಬೇಕಾದಷ್ಟು ತರಿಸಿಕೊಳ್ಳುತ್ತಿದ್ದ. ಒಂದು ಗೆರೆ ಬೇಡಿಕೆಯದು, ಇನ್ನೊಂದು ಪರವಾನಗಿಯದು. ಸೋವಿಯತ್ ಒಕ್ಕೂಟದಿಂದ ರೂಪಾಯಿ ವ್ಯಾಪಾರದ ಒಪ್ಪಂದದಡಿ ಬಂದ ಕಾಗದಕ್ಕೆ ಡಾಲರಿನಲ್ಲಿ ಹೇಳುವ ಬೆಲೆಯೂ ಮುಕ್ತ ಮಾರುಕಟ್ಟೆಯ ಬೆಲೆಯಲ್ಲ. ನನ್ನ ಸಲಹೆ: 1961ರಿಂದ ಗೆರೆ ಎಳೆದರೂ 1995ರ ಬಳಿ ಒಂದು ಲಂಬ ರೇಖೆ ಹಾಕಿ, ಎಡಭಾಗ ಮತ್ತು ಬಲಭಾಗಗಳನ್ನು ಬೇರೆ ಬೇರೆಯಾಗಿ ಚರ್ಚಿಸಿ.

ಭದ್ರಾವತಿಯ ಕಾರ್ಖಾನೆ ಮುಚ್ಚಿದ್ದು ಈ ಅಂಕಿಗಳಲ್ಲಿ ಕಾಣುತ್ತದೆಯೆ?

ಅದರ ಹೆಸರಿನಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ, ಆದರೆ ಆಮದಿನ ಅಂಕಿಯೊಳಗೆ ಅದು ಇದೆ. ದೇಶದೊಳಗೆ ತಯಾರಾಗದ ಪ್ರತಿ ಟನ್ನೂ ಒಂದೋ ಹೊರಗಿನಿಂದ ಬರಬೇಕು, ಇಲ್ಲವೇ ಬಳಕೆಯಿಂದ ಬಿಟ್ಟುಹೋಗಬೇಕು. ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಭದ್ರಾ ನದಿಯ ದಡದಲ್ಲಿ ಹುಟ್ಟಿದ ಸಂಸ್ಥೆ. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು, ಮುಂದೆ ನ್ಯೂಸ್‌ಪ್ರಿಂಟ್ ತಯಾರಿಸುವ ದೇಶದ ಪ್ರಮುಖ ಗಿರಣಿಗಳಲ್ಲಿ ಒಂದಾಯಿತು. 2015ರ ಸುಮಾರಿಗೆ ಅದರ ಉತ್ಪಾದನೆ ನಿಂತಿತು. ರಾಜ್ಯದ ಪತ್ರಿಕೆಗಳಿಗೆ ರಾತ್ರಿಯ ಲಾರಿಯಲ್ಲಿ ಬೆಳಗಾಗುವುದರೊಳಗೆ ಕಾಗದ ತಲುಪಿಸಬಹುದಾದ ಗಿರಣಿಯೊಂದು ಹೀಗೆ ನಿಂತುಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಮಧ್ಯಪ್ರದೇಶದ ನೇಪಾನಗರದ ಗಿರಣಿ 1950ರ ದಶಕದಲ್ಲೇ ದೇಶದ ಮೊದಲ ನ್ಯೂಸ್‌ಪ್ರಿಂಟ್ ತಯಾರಿಸಿತು. ಕೇರಳದ ವೆಳ್ಳೂರಿನ ಹಿಂದೂಸ್ತಾನ್ ನ್ಯೂಸ್‌ಪ್ರಿಂಟ್ ನಿಂತು, ರಾಜ್ಯ ಸರ್ಕಾರದ ಕೈಗೆ ಬಂದು, 2022ರಲ್ಲಿ ಕೇರಳ ಪೇಪರ್ ಪ್ರಾಡಕ್ಟ್ಸ್ ಎಂಬ ಹೆಸರಿನಲ್ಲಿ ಮತ್ತೆ ಶುರುವಾಯಿತು. ಕಬ್ಬಿನ ಸಿಪ್ಪೆಯಿಂದ ನ್ಯೂಸ್‌ಪ್ರಿಂಟ್ ಮಾಡಲೆಂದೇ ಹುಟ್ಟಿದ ತಮಿಳುನಾಡಿನ ಸಂಸ್ಥೆ ಬರೆಯುವ ಮತ್ತು ಮುದ್ರಿಸುವ ಕಾಗದದತ್ತ ವಾಲಿತು. ಹೀಗಾಗಿ ಆಮದಿನ ಪಕ್ಕದಲ್ಲಿ ಉತ್ಪಾದನೆಯ ಕಾಲಂ ಇರಲೇಬೇಕು. ಉತ್ಪಾದನೆಗೆ ಆಮದು ಕೂಡಿಸಿ ರಫ್ತು ಕಳೆದರೆ ದೇಶದ ಬಳಕೆಯ ಅಂದಾಜು ಸಿಗುತ್ತದೆ.

ರದ್ದಿ ಪೇಪರಿನ ಬೆಲೆಗೂ ಇದಕ್ಕೂ ಸಂಬಂಧ ಇದೆಯೆ?

ಇದೆ. ಭಾರತದ ಗಿರಣಿಗಳು ನ್ಯೂಸ್‌ಪ್ರಿಂಟಿಗೆ ಹೆಚ್ಚಾಗಿ ಹಳೆಯ ಕಾಗದವನ್ನೇ ಕರಗಿಸುತ್ತವೆ. ಅದು ಆಮದಾದಾಗ 4707 ಎಂಬ ಬೇರೆ ಸಂಖ್ಯೆಯಡಿ ಬರೆಯಲಾಗುತ್ತದೆ. 4801ರ ಆಮದು ಇಳಿದು 4707ರ ಆಮದು ಏರಿದರೆ ದೇಶ ಸ್ವಾವಲಂಬಿಯಾಯಿತು ಎನ್ನಲು ಬರುವುದಿಲ್ಲ. ಚೀನಾವನ್ನು ಭಾರತದೊಂದಿಗೆ ಹೋಲಿಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಚೀನಾ ವರ್ಷಗಟ್ಟಲೆ ಹೊರದೇಶಗಳ ಹಳೆಯ ಕಾಗದ ತರಿಸಿ ತನ್ನಲ್ಲೇ ನ್ಯೂಸ್‌ಪ್ರಿಂಟ್ ಮಾಡಿಕೊಳ್ಳುತ್ತಿತ್ತು. 2018ರಿಂದ ವಿಂಗಡಿಸದ ಹಳೆಯ ಕಾಗದದ ಆಮದನ್ನು ಅದು ನಿಷೇಧಿಸಿತು, 2021ರಿಂದ ಎಲ್ಲ ಘನತ್ಯಾಜ್ಯದ ಆಮದನ್ನೇ ನಿಲ್ಲಿಸಿತು. ಕಚ್ಚಾವಸ್ತು ಸಾಲದೆ ಸಿದ್ಧ ಕಾಗದವನ್ನೇ ಕೊಳ್ಳತೊಡಗಿದಾಗ ಜಗತ್ತಿನ ಬೆಲೆ ಬಿಗಿಯಾಯಿತು.

2018ರಲ್ಲಿ ಅಮೆರಿಕದ ಅಂಕಿಯಲ್ಲಿ ಕಾಣುವ ಏರುಪೇರಿಗೆ ಚೀನಾ ಒಂದೇ ಕಾರಣವೆ?

ಅಲ್ಲ. ಅಮೆರಿಕದ ಒಂದು ಗಿರಣಿಯ ದೂರಿನ ಮೇಲೆ ಅಲ್ಲಿನ ವಾಣಿಜ್ಯ ಇಲಾಖೆ 2018ರ ಜನವರಿ ಮತ್ತು ಮಾರ್ಚ್‌ನಲ್ಲಿ ಕೆನಡಾದ ನ್ಯೂಸ್‌ಪ್ರಿಂಟ್ ಹಾಗೂ ಅದೇ ಬಗೆಯ ಲೇಪರಹಿತ ಕಾಗದದ ಮೇಲೆ ತಾತ್ಕಾಲಿಕ ಸುಂಕ ಹಾಕಿತು. ಸಣ್ಣ ಪಟ್ಟಣಗಳ ಪತ್ರಿಕೆಗಳು ಪುಟ ಕಡಿತ ಮಾಡಿದವು, ನೌಕರರನ್ನು ಕೈಬಿಟ್ಟವು. ಆಗಸ್ಟ್ 29ರಂದು ಅಂತಾರಾಷ್ಟ್ರೀಯ ವ್ಯಾಪಾರ ಆಯೋಗ ಅಲ್ಲಿನ ಉದ್ಯಮಕ್ಕೆ ಹಾನಿಯಾಗಿಲ್ಲ ಎಂದು 5–0 ಮತಗಳಿಂದ ತೀರ್ಮಾನಿಸಿದ ಮೇಲೆ ಸುಂಕ ರದ್ದಾಯಿತು.

ಭಾರತ 2019ರಲ್ಲಿ ಹಾಕಿದ ಸುಂಕ ಆಮದು ಮೌಲ್ಯದಲ್ಲಿ ಕಾಣುವುದೆ?

2019ರ ಜುಲೈ 5ರ ಬಜೆಟ್ ಅಲ್ಲಿಯವರೆಗೆ ಸುಂಕವಿಲ್ಲದ ನ್ಯೂಸ್‌ಪ್ರಿಂಟ್ ಮೇಲೆ ಶೇ 10ರಷ್ಟು ಸುಂಕ ವಿಧಿಸಿತು. 2020ರ ಫೆಬ್ರುವರಿಯಲ್ಲಿ ಅದನ್ನು ಶೇ 5ಕ್ಕೆ ಇಳಿಸಲಾಯಿತು. ಸುಂಕವನ್ನು ಆಮದು ಮೌಲ್ಯದ ಮೇಲೆ ಲೆಕ್ಕ ಹಾಕುತ್ತಾರೆಯೇ ಹೊರತು ಅದರೊಳಗೆ ಸೇರಿಸುವುದಿಲ್ಲ. ಸುಂಕದ ಹೊರೆಯಿಂದ ಪ್ರಕಾಶಕರು ಕಡಿಮೆ ತರಿಸಿಕೊಂಡರೆ ಅದರ ನೆರಳು ಟನ್‌ಗಳಲ್ಲಿ ಬೀಳುತ್ತದೆ, ಅಷ್ಟೇ. ಆದರೆ ಅದರ ಬೆನ್ನಿಗೇ ಕೋವಿಡ್ ಬಂದದ್ದರಿಂದ ಇವೆರಡರ ಪರಿಣಾಮವನ್ನು ವಾರ್ಷಿಕ ಅಂಕಿಯಿಂದ ಬೇರ್ಪಡಿಸುವುದು ಕಷ್ಟ. 2019ರ ಜುಲೈಯಿಂದ 2020ರ ಫೆಬ್ರುವರಿವರೆಗಿನ ತಿಂಗಳವಾರು ಅಂಕಿ ನೋಡಿ.

ಭಾರತ ಕೆನಡಾದಿಂದ ತಂದ ಲೆಕ್ಕಕ್ಕೂ ಕೆನಡಾ ಭಾರತಕ್ಕೆ ಕಳಿಸಿದ ಲೆಕ್ಕಕ್ಕೂ ಹೊಂದುವುದಿಲ್ಲ. ಯಾವುದು ಸರಿ?

ಎರಡೂ ಸರಿಯಿರಬಹುದು. ಡಿಸೆಂಬರ್‌ನಲ್ಲಿ ಹೊರಟ ಹಡಗು ಇಲ್ಲಿಗೆ ತಲುಪುವಾಗ ಹೊಸ ವರ್ಷವಾಗಿರುತ್ತದೆ. ಕಳಿಸಿದವರ ಲೆಕ್ಕದಲ್ಲಿ ಸಾಗಣೆ ಇಲ್ಲ, ಪಡೆದವರ ಲೆಕ್ಕದಲ್ಲಿ ಇದೆ. ಆಮದು ಮಾಡಿದ ದೇಶ ಸಾಮಾನ್ಯವಾಗಿ ಸರಕಿನ ಮೂಲ ದೇಶವನ್ನು ಬರೆಯುತ್ತದೆ, ರಫ್ತು ಮಾಡಿದ ದೇಶ ತನಗೆ ಗೊತ್ತಿದ್ದ ಕೊನೆಯ ಗಮ್ಯವನ್ನು ಬರೆಯುತ್ತದೆ. ನಿಮ್ಮ ಪ್ರಶ್ನೆ ಆಮದಿನ ಬಗ್ಗೆಯಾದ್ದರಿಂದ ಆಮದು ಮಾಡಿದ ದೇಶದ ಲೆಕ್ಕವನ್ನೇ ಹಿಡಿಯಿರಿ.

ನಡುವೆ ಒಂದು ವರ್ಷದ ಅಂಕಿ ವಿಚಿತ್ರವಾಗಿದ್ದರೆ ಅಥವಾ ಖಾಲಿಯಿದ್ದರೆ?

ಖಾಲಿ ಜಾಗವನ್ನು ಸೊನ್ನೆ ಎಂದು ತುಂಬಬೇಡಿ, ಅದು ಅತ್ಯಂತ ಕೆಟ್ಟ ಪರಿಹಾರ. ವಿಚಿತ್ರವಾಗಿ ಕಂಡ ಅಂಕಿಗೆ ಮೌಲ್ಯವನ್ನು ಟನ್‌ನಿಂದ ಭಾಗಿಸಿ ನೋಡಿ. ಈಚಿನ ಎರಡು ದಶಕಗಳಲ್ಲಿ ಟನ್ನಿಗೆ 300 ಡಾಲರಿಗಿಂತ ಕೆಳಗೆ ಅಥವಾ 1,200ಕ್ಕಿಂತ ಮೇಲೆ ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದು ನಾನು ಅನುಮಾನಿಸುತ್ತೇನೆ. ಹೆಚ್ಚಿನ ಸಲ ಸಾವಿರ ಡಾಲರ್ ಮತ್ತು ಡಾಲರ್, ಕಿಲೋ ಮತ್ತು ಟನ್ ಅದಲುಬದಲಾಗಿರುತ್ತವೆ. ಫಾವೋಸ್ಟಾಟ್ ಪ್ರತಿ ಅಂಕಿಯ ಪಕ್ಕದಲ್ಲಿ ಅದು ದೇಶ ಕೊಟ್ಟ ಅಧಿಕೃತ ಅಂಕಿಯೋ ಸಂಸ್ಥೆಯ ಅಂದಾಜೋ ಎಂದು ಗುರುತು ಹಾಕಿರುತ್ತದೆ. ಆ ಕಾಲಂ ಅನ್ನು ಇಳಿಸಿಕೊಳ್ಳದೆ ಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ.

ಅಮೆರಿಕದ ಗೆರೆ ಎತ್ತರದಲ್ಲಿದ್ದು ಭಾರತದ್ದು ನೆಲಕ್ಕಂಟಿದಂತೆ ಕಾಣುತ್ತದೆ. ನಕ್ಷೆ ಹೇಗೆ ಬರೆಯಲಿ?

ಎರಡು ದಾರಿಗಳಿವೆ. ಒಂದು ಆಧಾರ ವರ್ಷದಲ್ಲಿ ಎರಡೂ ದೇಶಗಳನ್ನು 100 ಎಂದಿಟ್ಟು ಸೂಚ್ಯಂಕವಾಗಿ ಬರೆಯಬಹುದು. ಆಗ ಏರಿಳಿತ ಚೆನ್ನಾಗಿ ಕಾಣುತ್ತದೆ, ಗಾತ್ರ ಮರೆಯಾಗುತ್ತದೆ. ಆಧಾರಕ್ಕೆ ಒಂದೇ ವರ್ಷದ ಬದಲು ಮೂರು ವರ್ಷಗಳ ಸರಾಸರಿ ಹಿಡಿಯುವುದು ಕ್ಷೇಮ. ಬೆಲೆ ತಳ ಕಂಡ ವರ್ಷವನ್ನು ಆಧಾರ ಮಾಡಿಕೊಂಡು ಯಾವ ದೇಶವನ್ನಾದರೂ ‘ಮೂರು ಪಟ್ಟು ಏರಿಕೆ’ ಎಂದು ತೋರಿಸಬಹುದು, ಅಂಥ ನಕ್ಷೆಗಳು ಸುದ್ದಿಯಲ್ಲಿ ಬೇಕಾದಷ್ಟಿವೆ. ಇನ್ನೊಂದು ದಾರಿ ಲಾಗ್ ಅಳತೆ. ಅಲ್ಲಿ ಶೇಕಡಾವಾರು ಏರಿಕೆಗಳು ಸಮಾನ ಎತ್ತರದಲ್ಲಿ ಕಾಣುತ್ತವೆ. ಎಡಕ್ಕೊಂದು ಬಲಕ್ಕೊಂದು ಅಳತೆಪಟ್ಟಿ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಗೆರೆಗಳು ಎಲ್ಲಿ ಅಡ್ಡ ಹಾಯುತ್ತವೆ ಎಂಬುದು ಬರೆದವರ ಇಷ್ಟಕ್ಕೆ ಬಿಟ್ಟದ್ದಾಗುತ್ತದೆ.

ತಲಾ ಲೆಕ್ಕ ಹಾಕಲೆ?

ಟನ್‌ಗಳಿಗೆ ಹಾಕಬಹುದು, ಮೌಲ್ಯಕ್ಕೆ ಬೇಡ. ಹಾಕಿದರೂ, ನಮ್ಮಲ್ಲಿ ಒಂದು ಪತ್ರಿಕೆ ಎಷ್ಟು ಕೈ ದಾಟುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಹೋಟೆಲಿನ ಮೇಜಿನ ಮೇಲೆ, ಕ್ಷೌರದಂಗಡಿಯಲ್ಲಿ, ಬಡಾವಣೆಯ ಗ್ರಂಥಾಲಯದಲ್ಲಿ ಒಂದೇ ಪ್ರತಿಯನ್ನು ದಿನವಿಡೀ ಓದುವವರಿದ್ದಾರೆ.

ನಕ್ಷೆಯ ಕೆಳಗೆ ಏನೇನು ಬರೆದಿರಬೇಕು?

ಅಂಕಿಗಳ ಮೂಲ ಮತ್ತು ಇಳಿಸಿಕೊಂಡ ದಿನಾಂಕ, ಏಕೆಂದರೆ ಹಳೆಯ ವರ್ಷಗಳ ಅಂಕಿಗಳೂ ಪರಿಷ್ಕರಣೆಯಾಗುತ್ತಿರುತ್ತವೆ. ಎಚ್‌ಎಸ್ ಸಂಖ್ಯೆ. ಸಿಐಎಫ್ ಅಥವಾ ಎಫ್‌ಒಬಿ. ಆರ್ಥಿಕ ವರ್ಷವೋ ಕ್ಯಾಲೆಂಡರ್ ವರ್ಷವೋ. ಯಾವ ವರ್ಷದ ಡಾಲರ್. ಅಂದಾಜು ಅಂಕಿಗಳಿರುವ ವರ್ಷಗಳಿಗೆ ಗೆರೆಯಲ್ಲಿ ಚುಕ್ಕೆ ಗುರುತು. ಮಾದರಿಗೆ ಹೀಗೆ ಬರೆಯಬಹುದು: ‘ನ್ಯೂಸ್‌ಪ್ರಿಂಟ್ ಆಮದು, ಎಚ್‌ಎಸ್ 4801, ಭಾರತ ಮತ್ತು ಅಮೆರಿಕ, 1996–2022. ಎರಡೂ ದೇಶಗಳಿಗೆ ಸಿಐಎಫ್ ಮೌಲ್ಯ, ಜನವರಿ–ಡಿಸೆಂಬರ್, 2022ರ ಡಾಲರ್‌ಗಳಲ್ಲಿ. ಸುಂಕ ಮತ್ತು ತೆರಿಗೆ ಸೇರಿಲ್ಲ. ಟನ್‌ಗಳ ಲೆಕ್ಕ ಪಕ್ಕದ ನಕ್ಷೆಯಲ್ಲಿದೆ.’